ಎರಡು ದೇಶದ ತೆರಿಗೆ, ಒಂದು ಹಳೆಯ ಲ್ಯಾಪ್‌ಟಾಪ್

ತೆರಿಗೆ ಸಲ್ಲಿಸುವ ತಿಂಗಳಿನಲ್ಲಿ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ ಬದಲಿಸಬೇಡಿ. ಮುಂದಿನದನ್ನು ಓದಲು ಪುರಸೊತ್ತಿಲ್ಲದವರು ಇಷ್ಟನ್ನೇ ನೆನಪಿಟ್ಟುಕೊಂಡರೂ ಸಾಕು. ನಾನು ಎರಡನ್ನೂ ಒಟ್ಟಿಗೆ ಹಚ್ಚಿಕೊಂಡೆ. ಅದೂ ಒಂದು ದೇಶದ ತೆರಿಗೆಯಲ್ಲ, ಎರಡು ದೇಶಗಳದ್ದು.

2024ರ ಮೇ 12ರಂದು ಬೆಂಗಳೂರು ಬಿಟ್ಟು ಕೆಲಸಕ್ಕಾಗಿ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದೆ. ಒಂಟಿ ಜೀವ, ಸಂಬಳದ ನೌಕರಿ. ಊರಿನ ಬ್ಯಾಂಕಿನಲ್ಲಿ ಹತ್ತು ಲಕ್ಷದ ಒಂದು ನಿರಖು ಠೇವಣಿ, ಅದಕ್ಕೆ ಶೇಕಡಾ 7 ಬಡ್ಡಿ. ಇಷ್ಟು ಸರಳವಾದ ಬದುಕಿಗೆ ತೆರಿಗೆಯಲ್ಲಿ ಏನು ಗೊಂದಲವಿರಲು ಸಾಧ್ಯ ಎಂದುಕೊಂಡಿದ್ದೆ. ಜೊತೆಗಿದ್ದ ಲ್ಯಾಪ್‌ಟಾಪ್ 2017ರಲ್ಲಿ ಕೊಂಡದ್ದು, ಇಂಟೆಲ್‌ನ ಏಳನೆಯ ತಲೆಮಾರಿನ ಪ್ರೊಸೆಸರ್, ವಿಂಡೋಸ್ 10. ವಿಂಡೋಸ್ 11ಕ್ಕೆ ಇಂಟೆಲ್ ಆದರೆ ಎಂಟನೆಯ ತಲೆಮಾರಿನ ಮೇಲಿನದೇ ಬೇಕು, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯೂ ಬೇಕು. ವಿಂಡೋಸ್ 10ರ ಉಚಿತ ಭದ್ರತಾ ಪರಿಷ್ಕರಣೆಗಳು 2025ರ ಅಕ್ಟೋಬರ್ 14ಕ್ಕೆ ಮುಗಿಯುತ್ತವೆ ಎಂಬ ಸೂಚನೆ ಪರದೆಯ ಮೇಲೆ ಆಗಾಗ ಮೂಡುತ್ತಿತ್ತು. ಕೀಲಿಮಣೆ, ಬ್ಯಾಟರಿ, ಪರದೆ ಎಲ್ಲವೂ ಗಟ್ಟಿಮುಟ್ಟಾಗಿದ್ದ ಯಂತ್ರವನ್ನು ಬಿಸಾಡಿ 700 ಯೂರೋ ಕೊಟ್ಟು ಹೊಸದನ್ನು ತರಲು ಮನಸ್ಸು ಒಪ್ಪಲಿಲ್ಲ.

ಹಾಗಾಗಿ ವಿಂಡೋಸ್ ಬದಲಿಗೆ ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್. ಆದರೆ ಲಿನಕ್ಸ್ ಎನ್ನುವುದು ಒಂದಲ್ಲ, ನೂರಾರು ರೂಪ. 2025ರ ಜೂನ್ ತಿಂಗಳ ಮೂರು ವಾರಾಂತ್ಯಗಳನ್ನು ನಾನು ಇದಕ್ಕೇ ಕಳೆದೆ. ಪೆನ್ ಡ್ರೈವ್‌ನಿಂದಲೇ ಯಂತ್ರವನ್ನು ಚಾಲೂ ಮಾಡಿ, ಏನನ್ನೂ ಇನ್‌ಸ್ಟಾಲ್ ಮಾಡದೆ ನೋಡಬಹುದು ಎಂಬುದು ಇದರ ದೊಡ್ಡ ಅನುಕೂಲ. ವೈಫೈ ಸಿಗುತ್ತದೆಯೇ, ಧ್ವನಿ ಬರುತ್ತದೆಯೇ, ಮುಚ್ಚಳ ಮುಚ್ಚಿ ತೆರೆದರೆ ಎಚ್ಚರವಾಗುತ್ತದೆಯೇ, ಕನ್ನಡದ ಒತ್ತಕ್ಷರಗಳು ಒಡೆಯದೆ ಕಾಣುತ್ತವೆಯೇ ಎಂದು ಅಲ್ಲಿಯೇ ಪರೀಕ್ಷಿಸಿದೆ. ಉಬುಂಟು ಚೆನ್ನಾಗಿತ್ತು, ಅದರ ಪರದೆಯ ವಿನ್ಯಾಸಕ್ಕೆ ಕೈ ಒಗ್ಗಲಿಲ್ಲ. ಫೆಡೋರಾ ಚುರುಕಾಗಿತ್ತು, ಆದರೆ ಅದರ ಒಂದೊಂದು ಆವೃತ್ತಿಗೂ ಸುಮಾರು ಹದಿಮೂರು ತಿಂಗಳ ಆಯುಷ್ಯವಷ್ಟೆ. ವರ್ಷಕ್ಕೊಮ್ಮೆ ಮನೆ ಬದಲಿಸುವ ಶಕ್ತಿ ನನಗಿಲ್ಲ. ಲಿನಕ್ಸ್ ಮಿಂಟ್ 22.1 ಉಬುಂಟುವಿನ 24.04 ಆವೃತ್ತಿಯ ಮೇಲೆ ನಿಂತದ್ದು, 2029ರವರೆಗೆ ಬೆಂಬಲವಿದೆ, ಕೆಳಗಿನ ಎಡ ಮೂಲೆಯಲ್ಲಿ ಮೆನು ಇದೆ. ನನಗೆ ಬೇಕಾದದ್ದು ಅಷ್ಟೇ. ಕನ್ನಡ ಟೈಪಿಂಗ್‌ಗೆ ಕಗಪ ವಿನ್ಯಾಸವೂ ಕೀಲಿಮಣೆಗಳ ಪಟ್ಟಿಯಲ್ಲೇ ಇತ್ತು. ಅಪ್ಪ ಹಿಂದೆ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿ ಕಳಿಸಿದ್ದ ಕಡತಗಳು ಮಾತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ತೆರೆದುಕೊಂಡವು. ಅವು ಎಲ್ಲ ಯಂತ್ರಗಳೂ ಒಂದೇ ರೀತಿ ಓದುವ ಯೂನಿಕೋಡ್ ಸಂಕೇತದಲ್ಲಿ ಇರಲಿಲ್ಲ. ಪರಿವರ್ತಕದಲ್ಲಿ ಹಾಕಿ ಒಂದೊಂದನ್ನೇ ಬದಲಿಸಿಕೊಳ್ಳಬೇಕಾಯಿತು.

ಜುಲೈ 5, ಶನಿವಾರ. ‘ದಾಖಲೆಗಳು’ ಮತ್ತು ‘ಚಿತ್ರಗಳು’ ಎಂಬ ಎರಡು ಫೋಲ್ಡರುಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿದೆ. ಡಿಸ್ಕ್ ಪೂರ್ತಿ ಅಳಿಸಿ ಇನ್‌ಸ್ಟಾಲ್ ಮಾಡಬೇಕೇ ಎಂದು ಮಿಂಟ್ ಕೇಳಿತು. ಹೌದು ಎಂದೆ. ಅರ್ಧ ಗಂಟೆಯೂ ಹಿಡಿಯಲಿಲ್ಲ. ಪ್ರಿಂಟರನ್ನು ಅದು ತಾನಾಗಿಯೇ ಗುರುತಿಸಿತು. ವಿಂಡೋಸ್‌ನಲ್ಲಿ ಅದೇ ಪ್ರಿಂಟರಿಗಾಗಿ ನಾನು ಪಟ್ಟ ಪಾಡು ನೆನಪಾಗಿ, ಗೆದ್ದವಳಂತೆ ಕಾಫಿ ಮಾಡಿಕೊಂಡು ಕುಡಿದೆ.

ಭಾನುವಾರ ಜರ್ಮನಿಯ ತೆರಿಗೆಗೆ ಕೂತೆ. ಹಿಂದಿನ ಚಳಿಗಾಲದಲ್ಲಿ 25 ಯೂರೋ ಕೊಟ್ಟು ಕೊಂಡಿದ್ದ ತೆರಿಗೆ ಸಾಫ್ಟ್‌ವೇರ್ ವಿಂಡೋಸ್ ಮತ್ತು ಮ್ಯಾಕ್‌ಗೆ ಮಾತ್ರ ಎಂದು ಡಬ್ಬಿಯ ಮೇಲೆಯೇ ಬರೆದಿತ್ತು, ಓದಿದ್ದು ಅವತ್ತು. ಹೋಗಲಿ, ಸರ್ಕಾರದ್ದೇ ಆದ ಎಲ್ಸ್ಟರ್ ಜಾಲತಾಣವಿದೆ, ಉಚಿತ, ಬ್ರೌಸರ್ ಇದ್ದರೆ ಸಾಕು, ಯಾವ ಆಪರೇಟಿಂಗ್ ಸಿಸ್ಟಮ್ ಆದರೂ ಅದಕ್ಕೆ ಒಂದೇ. ಖಾತೆಯನ್ನು ಹಿಂದಿನ ವರ್ಷವೇ ತೆರೆದಿದ್ದೆ. ಒಳಗೆ ಹೋಗಲು ಪಾಸ್‌ವರ್ಡ್ ಒಂದೇ ಸಾಲದು, ಪಿಎಫ್‌ಎಕ್ಸ್ ಎಂಬ ವಿಸ್ತರಣೆಯ ಒಂದು ಪ್ರಮಾಣಪತ್ರದ ಕಡತವನ್ನೂ ತೋರಿಸಬೇಕು. ಪಾಸ್‌ವರ್ಡ್ ಡೈರಿಯಲ್ಲಿತ್ತು. ಕಡತ ‘ಡೌನ್‌ಲೋಡ್’ ಫೋಲ್ಡರಿನಲ್ಲಿತ್ತು. ಆ ಫೋಲ್ಡರ್ ಶನಿವಾರ ಸಂಜೆಯವರೆಗೆ ಇತ್ತು.

ಹೊಟ್ಟೆಯೊಳಗೆ ತಣ್ಣಗಾಗುವುದು ಎಂದರೇನು ಎಂದು ಆಗ ತಿಳಿಯಿತು. ಕಡತ ಕಳೆದುಹೋದವರು ಪ್ರವೇಶವನ್ನು ನವೀಕರಿಸಿಕೊಳ್ಳಬಹುದು, ಆದರೆ ಅದಕ್ಕೆ ಬೇಕಾದ ಎರಡು ಸಂಕೇತಗಳಲ್ಲಿ ಒಂದು ಇಮೇಲ್‌ನಲ್ಲಿ ಬಂದರೆ ಇನ್ನೊಂದು ಅಂಚೆಯಲ್ಲಿ, ಕಾಗದದ ಲಕೋಟೆಯಲ್ಲಿ ಬರುತ್ತದೆ. 2024ರ ಲೆಕ್ಕ ಸಲ್ಲಿಸಲು ನನಗಿದ್ದ ಕೊನೆಯ ದಿನ ಜುಲೈ 31. ತಡವಾದರೆ ತಿಂಗಳಿಗೆ ಕನಿಷ್ಠ 25 ಯೂರೋ ದಂಡ ಬೀಳಬಹುದು. ದಿನಾ ಸಂಜೆ ಕೆಲಸದಿಂದ ಬಂದವಳೇ ಅಂಚೆಪೆಟ್ಟಿಗೆಗೆ ಕೈ ಹಾಕುತ್ತಿದ್ದೆ. ಪಿಜ್ಜಾ ಅಂಗಡಿಯ ಜಾಹೀರಾತು, ವಿದ್ಯುತ್ ಬಿಲ್, ಮತ್ತೆ ಪಿಜ್ಜಾ. ಜುಲೈ 18ರಂದು ಲಕೋಟೆ ಬಂತು. ಜರ್ಮನಿಯಲ್ಲಿರುವವರು ಎಲ್ಸ್ಟರ್ ನೋಂದಣಿಯನ್ನು ಇವತ್ತೇ ಮಾಡಿಟ್ಟುಕೊಳ್ಳಿ, ಲೆಕ್ಕ ಯಾವಾಗ ಸಲ್ಲಿಸಿದರೂ ಸರಿ. ಆ ಕಡತ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ. ಅದನ್ನು ಎರಡು ಕಡೆ ಇಡಿ, ‘ಡೌನ್‌ಲೋಡ್’ನಲ್ಲಿ ಮಾತ್ರ ಇಡಬೇಡಿ.

ಕಾಯುವ ಹನ್ನೆರಡು ದಿನ ಪೂರ್ತಿ ವ್ಯರ್ಥವಾಗಲಿಲ್ಲ. ನಾನು ಲೆಕ್ಕ ಸಲ್ಲಿಸುವುದು ಕಡ್ಡಾಯವೇ ಎಂಬುದೇ ಮೊದಲ ಪ್ರಶ್ನೆಯಾಗಿತ್ತು. ಒಂಟಿಯಾಗಿ ಒಂದೇ ನೌಕರಿಯಲ್ಲಿರುವವರಿಗೆ ಸಾಮಾನ್ಯವಾಗಿ ಕಡ್ಡಾಯವಲ್ಲ, ಬೇಕಿದ್ದರೆ ನಾಲ್ಕು ವರ್ಷದೊಳಗೆ ಸಲ್ಲಿಸಬಹುದು. ಸಹೋದ್ಯೋಗಿಗಳೆಲ್ಲ ಅದನ್ನೇ ಹೇಳಿದರು. ಆದರೆ ವರ್ಷದ ನಡುವೆ ಹೊರದೇಶದಿಂದ ಬಂದವರ ಕಥೆಯೇ ಬೇರೆ. ಜರ್ಮನಿಯ ತೆರಿಗೆ ವರ್ಷ ಜನವರಿಯಿಂದ ಡಿಸೆಂಬರ್. ಜನವರಿಯಿಂದ ಮೇ 12ರವರೆಗೆ ನಾನು ಬೆಂಗಳೂರಿನಲ್ಲಿ ದುಡಿದ ಸಂಬಳಕ್ಕೆ ಜರ್ಮನಿ ತೆರಿಗೆ ಹಾಕುವುದಿಲ್ಲ, ಆದರೆ ಉಳಿದ ತಿಂಗಳುಗಳ ಸಂಬಳಕ್ಕೆ ಯಾವ ದರ ಎಂದು ನಿರ್ಧರಿಸುವಾಗ ಅದನ್ನೂ ಕೂಡಿಸಿಕೊಳ್ಳುತ್ತದೆ. ಹಾಗೆ ಎಣಿಕೆಗೆ ಬರುವ ಮೊತ್ತ 410 ಯೂರೋ ದಾಟಿದರೆ ಲೆಕ್ಕ ಸಲ್ಲಿಸಲೇಬೇಕು. ನನ್ನದು ದಾಟಿತ್ತು.

ಇಲ್ಲಿಯೇ ಕಾಗದದ ತಲೆನೋವು ಶುರುವಾಗುವುದು. ನಮ್ಮಲ್ಲಿ ಕಂಪನಿ ಕೊಡುವ ಫಾರ್ಮ್ 16 ಏಪ್ರಿಲ್‌ನಿಂದ ಮಾರ್ಚ್‌ವರೆಗಿನದು. ಜರ್ಮನಿಗೆ ಬೇಕಾದದ್ದು ಜನವರಿಯಿಂದ ಮೇವರೆಗಿನದು. ಎರಡು ವರ್ಷಗಳ ಫಾರ್ಮ್ 16 ಎರಡೂ ಕೈಯಲ್ಲಿದ್ದರೂ ಆ ಐದು ತಿಂಗಳ ಲೆಕ್ಕ ಯಾವುದರಲ್ಲೂ ಪ್ರತ್ಯೇಕವಾಗಿ ಇಲ್ಲ. ತಿಂಗಳ ಸಂಬಳದ ಚೀಟಿಗಳೇ ಗತಿ, ಅವು ಹಳೆಯ ಕಂಪನಿಯ ಜಾಲತಾಣದಲ್ಲಿವೆ, ಕೆಲಸ ಬಿಟ್ಟವರಿಗೆ ಅದರ ಬಾಗಿಲು ಮುಚ್ಚಿದೆ. ಹಿಂದಿನ ಸಹೋದ್ಯೋಗಿಯೊಬ್ಬರು ಮಾನವ ಸಂಪನ್ಮೂಲ ವಿಭಾಗದ ಬೆನ್ನು ಹತ್ತಿ ಒಂದು ವಾರದಲ್ಲಿ ಕಳಿಸಿಕೊಟ್ಟರು. ವಿದೇಶಕ್ಕೆ ಹೊರಟಿರುವವರೇ, ಕೊನೆಯ ದಿನದ ಬೀಳ್ಕೊಡುಗೆಯ ಕೇಕ್ ಕತ್ತರಿಸುವ ಮುನ್ನ ಸಂಬಳದ ಚೀಟಿಗಳನ್ನೆಲ್ಲ ಇಳಿಸಿಕೊಳ್ಳಿ.

ಒಬ್ಬ ತೆರಿಗೆ ಸಲಹೆಗಾರರನ್ನು ಕೇಳಿದ್ದೆ, 600 ಯೂರೋ ಎಂದರು. ನಾನೇ ಮಾಡಿಕೊಳ್ಳುವೆ ಎಂದು ಹಟಕ್ಕೆ ಬಿದ್ದದ್ದು ಆ ಅಂಕಿಯಿಂದ. ಎಲ್ಸ್ಟರ್‌ನ ಭಾಷೆ ಜರ್ಮನ್. ಬ್ರೌಸರಿನ ಅನುವಾದವನ್ನು ಚಾಲೂ ಮಾಡಿದರೆ ‘ಅನ್‌ಲಾಗೆ’ ಎಂಬ ಪದ ಒಂದು ಕಡೆ ಸ್ಥಾವರ ಎಂದೂ ಇನ್ನೊಂದು ಕಡೆ ಹೂಡಿಕೆ ಎಂದೂ ಬಂತು. ಅದರ ಅರ್ಥ ಇಲ್ಲಿ ಅನುಬಂಧ ಎಂದಷ್ಟೆ. ಸಂಬಳಕ್ಕೆ ಅನುಬಂಧ ಎನ್, ಬಡ್ಡಿಗೆ ಕೆಎಪಿ, ವಿಮೆಗಳಿಗೆ ಇನ್ನೊಂದು, ವರ್ಷದ ನಡುವೆ ಬಂದವರಿಗೆ ಡಬ್ಲ್ಯೂಎ-ಇಎಸ್‌ಟಿ ಎಂಬುದು. ಈ ಕೊನೆಯದು ಬೇಕೆಂದು ಜಾಲತಾಣ ತಾನಾಗಿ ಹೇಳುವುದಿಲ್ಲ, ನೀವೇ ಸೇರಿಸಿಕೊಳ್ಳಬೇಕು. ಅದರಲ್ಲಿ ದೇಶಕ್ಕೆ ಬಂದ ದಿನಾಂಕವನ್ನೂ ಅದಕ್ಕೆ ಮುಂಚಿನ ಹೊರದೇಶದ ಆದಾಯವನ್ನೂ ಬರೆಯಬೇಕು. ಸಂಬಳ, ಕಡಿತವಾದ ತೆರಿಗೆ, ವಿಮಾ ಕಂತುಗಳ ಅಂಕಿಗಳು ಮೊದಲೇ ತೆರಿಗೆ ಕಚೇರಿಗೆ ತಲುಪಿರುತ್ತವೆ. ಒಂದು ಗುಂಡಿ ಒತ್ತಿದರೆ ಅವು ತಾವಾಗಿ ಬಂದು ಕೂರುತ್ತವೆ. ಆ ಒಂದು ಕ್ಷಣ ನಿಜಕ್ಕೂ ಹಾಯೆನಿಸಿತು.

ಇನ್ನು ಬಡ್ಡಿ. ಜರ್ಮನಿಯ ನಿವಾಸಿಯಾದ ಮೇಲೆ ಜಗತ್ತಿನ ಎಲ್ಲಿ ಬಡ್ಡಿ ಬಂದರೂ ಅಲ್ಲಿ ಹೇಳಬೇಕು. ಅನಿವಾಸಿ ಭಾರತೀಯರು ಹೊರದೇಶದ ದುಡಿಮೆಯನ್ನು ಇಡುವ ಎನ್‌ಆರ್‌ಇ ಖಾತೆಯ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ ಎಂಬುದು ನಮ್ಮವರ ಬಾಯಲ್ಲಿ ‘ಎನ್‌ಆರ್‌ಇಗೆ ತೆರಿಗೆಯೇ ಇಲ್ಲ’ ಎಂದಾಗಿಬಿಟ್ಟಿದೆ. ಜರ್ಮನಿಗೆ ಆ ವಿನಾಯಿತಿ ಲೆಕ್ಕಕ್ಕಿಲ್ಲ. ನನ್ನದು ಎನ್‌ಆರ್‌ಒ ಠೇವಣಿ, ಅಂದರೆ ಅನಿವಾಸಿಗಳು ಭಾರತದಲ್ಲಿನ ಹಣವನ್ನು ಇಡುವಂಥದ್ದು. ಮೇ ನಡುವಿನಿಂದ ಡಿಸೆಂಬರ್‌ವರೆಗಿನ ಬಡ್ಡಿಯನ್ನು, ಯೂರೋಗೆ ಸುಮಾರು 90 ರೂಪಾಯಿಯಂತೆ ಪರಿವರ್ತಿಸಿದರೆ 500 ಯೂರೋ ಆಸುಪಾಸು. ಒಬ್ಬರಿಗೆ ವರ್ಷಕ್ಕೆ 1,000 ಯೂರೋವರೆಗಿನ ಇಂಥ ಆದಾಯಕ್ಕೆ ತೆರಿಗೆ ಇಲ್ಲ. ಬರೆದು ತೋರಿಸಿದೆ, ತೆರಿಗೆ ಸೊನ್ನೆ.

ಜುಲೈ 27ರ ಭಾನುವಾರ ರಾತ್ರಿ ಹನ್ನೊಂದಕ್ಕೆ ‘ಕಳಿಸು’ ಒತ್ತಿದೆ. ಕಾಗದ ಯಾವುದನ್ನೂ ಜೊತೆಗೆ ಕಳಿಸಬೇಕಿರಲಿಲ್ಲ. ಕೇಳಿದಾಗ ಕೊಡಲು ಇಟ್ಟುಕೊಂಡಿರಬೇಕು, ಮತ್ತು ಕೇಳಿದರು: ಆಗಸ್ಟ್ ನಡುವಿನಲ್ಲಿ ಭಾರತದ ಸಂಬಳದ ಪುರಾವೆ ಬೇಕೆಂದು ಪತ್ರ ಬಂತು. ಸಂಬಳದ ಚೀಟಿಗಳನ್ನು ಸ್ಕ್ಯಾನ್ ಮಾಡಿ ಎಲ್ಸ್ಟರ್ ಮೂಲಕವೇ ಕಳಿಸಿದೆ. ಸ್ಕ್ಯಾನರ್ ಕೂಡ ಮಿಂಟ್‌ನಲ್ಲಿ ತಕರಾರಿಲ್ಲದೆ ಓಡಿತು.

ಭಾರತದ ಲೆಕ್ಕಕ್ಕೆ ಕೈ ಹಾಕಿದ್ದು ಅದಾದ ಮೇಲೆ. 2025ರಲ್ಲಿ ಜುಲೈ 31ರ ಗಡುವನ್ನು ಸೆಪ್ಟೆಂಬರ್ 15ಕ್ಕೆ ಮುಂದೂಡಿದ್ದರು, ಕೊನೆಗೆ ಇನ್ನೂ ಒಂದು ದಿನ ಸೇರಿಸಿದರು. ಆ ಮುಂದೂಡಿಕೆ ಇಲ್ಲದಿದ್ದರೆ ನನ್ನ ಜುಲೈ ಏನಾಗುತ್ತಿತ್ತೋ.

2024-25ರಲ್ಲಿ ನಾನು ಭಾರತದಲ್ಲಿದ್ದದ್ದು ಏಪ್ರಿಲ್ 1ರಿಂದ ಮೇ 12ರವರೆಗೆ, 42 ದಿನ. ನೌಕರಿಗಾಗಿ ದೇಶ ಬಿಟ್ಟವರಿಗೆ ಗಡಿ 182 ದಿನ, ಹಾಗಾಗಿ ಅನಿವಾಸಿ. ಅನಿವಾಸಿಗಳು ಆದಾಯ ತೆರಿಗೆ ಲೆಕ್ಕದ ಸರಳವಾದ ಫಾರ್ಮ್ ಐಟಿಆರ್-1 ತುಂಬುವಂತಿಲ್ಲ, ಐಟಿಆರ್-2 ತುಂಬಬೇಕು. ಅದಕ್ಕಾಗಿ ಇಲಾಖೆ ಕೊಡುವ ಎಕ್ಸೆಲ್ ಕಡತ ಮ್ಯಾಕ್ರೋ ಎಂಬ ಕಿರು ಪ್ರೋಗ್ರಾಂಗಳಿಂದ ಓಡುವಂಥದ್ದು, ಮೈಕ್ರೋಸಾಫ್ಟ್ ಎಕ್ಸೆಲ್ಲೇ ಬೇಕು. ಎಕ್ಸೆಲ್ ಬದಲಿಗೆ ಬಳಸುವ ಉಚಿತ ಲಿಬ್ರೆಆಫೀಸ್‌ನಲ್ಲಿ ತೆರೆದು ನೋಡಿದೆ, ಗುಂಡಿಗಳು ಚಿತ್ರದಂತೆ ಸುಮ್ಮನೆ ಕೂತಿದ್ದವು. ಒಂದು ಗಂಟೆ ಅದರೊಂದಿಗೆ ಗುದ್ದಾಡಿದ ಮೇಲೆ ಹೊಳೆಯಿತು, ಐಟಿಆರ್-2 ಅನ್ನು ಜಾಲತಾಣದಲ್ಲೇ ನೇರವಾಗಿ ತುಂಬಬಹುದಲ್ಲ! ಅಲ್ಲಿಗೆ ಆಪರೇಟಿಂಗ್ ಸಿಸ್ಟಮ್‌ನ ಪ್ರಶ್ನೆ ಎರಡೂ ದೇಶಗಳಲ್ಲಿ ಬಿದ್ದುಹೋಯಿತು. ಫೈರ್‌ಫಾಕ್ಸ್ ಇದ್ದರೆ ಸಾಕಿತ್ತು.

ಬ್ಯಾಂಕು ಎನ್‌ಆರ್‌ಒ ಬಡ್ಡಿಯ ಮೇಲೆ ಶೇಕಡಾ 30, ಅದರ ಮೇಲೆ ಸೆಸ್, ಒಟ್ಟು ಶೇಕಡಾ 31.2 ಕಡಿತ ಮಾಡಿತ್ತು. 70,000 ರೂಪಾಯಿ ಬಡ್ಡಿಗೆ 21,840. ಭಾರತ ಮತ್ತು ಜರ್ಮನಿಯ ನಡುವಿನ ಒಪ್ಪಂದದಂತೆ ಬಡ್ಡಿಗೆ ಶೇಕಡಾ 10ಕ್ಕಿಂತ ಹೆಚ್ಚು ತೆರಿಗೆ ಇಲ್ಲ ಎಂದು ಓದಿ, ಅದಕ್ಕೆ ಬೇಕಾದ ನಿವಾಸ ಪ್ರಮಾಣಪತ್ರಕ್ಕಾಗಿ ಜೂನ್‌ನಲ್ಲೇ ಇಲ್ಲಿನ ತೆರಿಗೆ ಕಚೇರಿಗೆ ಪತ್ರ ಬರೆದಿದ್ದೆ. ಐದು ವಾರದ ಮೇಲೆ ಮುದ್ರೆಯೊತ್ತಿದ ಕಾಗದ ಬಂತು. ಅದನ್ನು ಸೇರಿಸಿ, ಒಪ್ಪಂದದ ಲಾಭ ಕೇಳುವವರು ತುಂಬಬೇಕಾದ ಫಾರ್ಮ್ 10ಎಫ್ ತುಂಬಿದೆ. ಎಲ್ಲ ಆದ ಮೇಲೆ ಐಟಿಆರ್ ತುಂಬುತ್ತ ಹೋದರೆ, ಏಪ್ರಿಲ್ ಮತ್ತು ಮೇ ಸಂಬಳ, ಬಡ್ಡಿ ಎಲ್ಲ ಸೇರಿ ನನ್ನ ಒಟ್ಟು ಆದಾಯ 3 ಲಕ್ಷದ ಒಳಗೇ ಇದೆ. ಹೊಸ ತೆರಿಗೆ ಪದ್ಧತಿಯಲ್ಲಿ ಆ ವರ್ಷ 3 ಲಕ್ಷದವರೆಗೆ ತೆರಿಗೆಯೇ ಇಲ್ಲ, ಅನಿವಾಸಿಗಳಿಗೂ. ಶೇಕಡಾ 10ರ ಒಪ್ಪಂದ, ಪ್ರಮಾಣಪತ್ರ, ಐದು ವಾರದ ಕಾಯುವಿಕೆ, ಯಾವುದೂ ಆ ವರ್ಷ ಬೇಕಿರಲಿಲ್ಲ. 21,840 ಪೂರ್ತಿಯಾಗಿ ವಾಪಸು ಕೇಳಬಹುದಿತ್ತು. ನಕ್ಕೆ, ಸ್ವಲ್ಪ ಸಿಟ್ಟೂ ಬಂತು.

ಆದರೂ ಆ ಕಾಗದದ ಉಪಯೋಗ ಹೇಳುತ್ತೇನೆ. ಇಂಥ ಪ್ರಮಾಣಪತ್ರವನ್ನೂ 10ಎಫ್ ಅನ್ನೂ ಬ್ಯಾಂಕಿಗೆ ಮೊದಲೇ ಕೊಟ್ಟರೆ ಅವರು 31.2ರ ಬದಲು 10ರಂತೆ ಕಡಿತ ಮಾಡಬಹುದು. ಇನ್ನೊಂದು, ಬಡ್ಡಿ ಹೆಚ್ಚಿದ್ದು ಜರ್ಮನಿಯಲ್ಲಿ ತೆರಿಗೆ ಬೀಳುವವರಿಗೆ: ಜರ್ಮನಿ ಭಾರತದ ತೆರಿಗೆಗೆ ವಜಾ ಕೊಡುವುದು ಒಪ್ಪಂದದ ಶೇಕಡಾ 10ರ ಮಟ್ಟಿಗಷ್ಟೆ. ಅದಕ್ಕಿಂತ ಹೆಚ್ಚು ಕಡಿತವಾದದ್ದನ್ನು ಭಾರತದಿಂದಲೇ, ಐಟಿಆರ್ ಸಲ್ಲಿಸಿ ಪಡೆಯಬೇಕು. ‘ಅಲ್ಲಿ ಕಟ್ಟಿದ್ದೇನಲ್ಲ, ಇಲ್ಲಿ ಕಳೆದುಕೊಳ್ಳುತ್ತಾರೆ’ ಎಂದು ಸುಮ್ಮನಿದ್ದರೆ ಮಧ್ಯದ ಹಣ ಯಾರಿಗೂ ಸಲ್ಲದೆ ಹೋಗುತ್ತದೆ. ಈಗ ಲೆಕ್ಕ ಮಾಡುವವರಿಗೆ ಒಂದು ಎಚ್ಚರಿಕೆಯೂ ಇದೆ: 2026ರ ಏಪ್ರಿಲ್ 1ರಿಂದ 1961ರ ಕಾಯ್ದೆಯ ಜಾಗಕ್ಕೆ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದೆ. ನಾನು ಹೇಳಿದ ಫಾರ್ಮುಗಳ ಸಂಖ್ಯೆಯನ್ನು ನಂಬಿ ಕೂರದೆ ಆ ವರ್ಷದ್ದನ್ನು ನೋಡಿಕೊಳ್ಳಿ.

ಆಗಸ್ಟ್ 24ರ ರಾತ್ರಿ ಒಂಬತ್ತಕ್ಕೆ ಐಟಿಆರ್ ಸಲ್ಲಿಸಿದೆ. ಇನ್ನು ಉಳಿದದ್ದು ದೃಢೀಕರಣ, ಮೂವತ್ತು ದಿನದೊಳಗೆ ಆಗಬೇಕು. ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಒಟಿಪಿ ಬರುತ್ತದೆ. ಆ ಸಿಮ್ ಮೈಸೂರಿನಲ್ಲಿ ಅಪ್ಪನ ಹಳೆಯ ಫೋನಿನಲ್ಲಿತ್ತು, ಅಲ್ಲಿ ಆಗ ರಾತ್ರಿ ಹನ್ನೆರಡೂವರೆ. ಮರುದಿನ ಬೆಳಿಗ್ಗೆ ಕರೆ ಮಾಡಿದರೆ, ರೀಚಾರ್ಜ್ ಮುಗಿದು ಯಾವುದೋ ಕಾಲವಾಗಿದೆ. ಅಪ್ಪ ಬೀದಿಯ ಕೊನೆಯ ಅಂಗಡಿಗೆ ಹೋಗಿ ಮಾಡಿಸಿಕೊಂಡು ಬಂದರು. ಒಟಿಪಿ ಬಂತು.

“ಬರೆದುಕೋ ಪುಟ್ಟಿ. ಎಪ್ಪತ್ತಾರು, ಸೊನ್ನೆ ನಾಲ್ಕು, ಮೂವತ್ತೆಂಟು.”

ಬರೆದುಕೊಂಡದ್ದು ತಪ್ಪಾಯಿತು. ಹತ್ತು ವರ್ಷದಿಂದ ಅಂಕಿಗಳನ್ನು ಇಂಗ್ಲಿಷಿನಲ್ಲೇ ಕೇಳಿ ಅಭ್ಯಾಸವಾದ ಕೈ ಎಪ್ಪತ್ತಾರನ್ನು 67 ಮಾಡಿತ್ತು.

“ಕನ್ನಡದ ಅಂಕಿ ಮರೆತೆಯೇನು? ತೆರಿಗೆ ಇಲಾಖೆಯವರಿಗೆ ನಾನೇ ಫೋನ್ ಮಾಡಲೇ?” ಎಂದರು ಅಪ್ಪ, ಪೂರ್ತಿ ಗಂಭೀರವಾಗಿ.

ಎರಡನೆಯ ಸಲ ಒಂದೊಂದೇ ಅಂಕಿಯಾಗಿ ಓದಿದರು, ಆಯಿತು. ಸಿಮ್ ಇಲ್ಲದವರಿಗೆ ನೆಟ್ ಬ್ಯಾಂಕಿಂಗ್ ಮೂಲಕ ದೃಢೀಕರಿಸುವ ದಾರಿ ಇದೆ. ಅದೂ ಆಗದಿದ್ದರೆ ಐಟಿಆರ್-ವಿ ಎಂಬ ದೃಢೀಕರಣ ಪತ್ರವನ್ನು ಮುದ್ರಿಸಿ ಸಹಿ ಹಾಕಿ ತೆರಿಗೆ ಇಲಾಖೆಯ ಬೆಂಗಳೂರು 560500 ವಿಳಾಸಕ್ಕೆ ಅಂಚೆಯಲ್ಲಿ ಕಳಿಸಬಹುದು. ಮೂವತ್ತು ದಿನದೊಳಗೆ ಅದು ಅಲ್ಲಿಗೆ ತಲುಪಬೇಕು, ಹೊರದೇಶದ ಅಂಚೆಯನ್ನು ನಂಬಿ ಕೊನೆಯ ವಾರದವರೆಗೆ ಕಾಯಬೇಡಿ. ಮರುಪಾವತಿ ಬೀಳಬೇಕಾದ ಬ್ಯಾಂಕ್ ಖಾತೆಯನ್ನು ಜಾಲತಾಣದಲ್ಲಿ ಮೊದಲೇ ಮಾನ್ಯ ಮಾಡಿಸಿಕೊಳ್ಳುವುದೂ ಮುಖ್ಯ. ಖಾತೆ ಎನ್‌ಆರ್‌ಒ ಆಗಿ ಬದಲಾದ ಮೇಲೆ ನನ್ನ ಹಳೆಯ ಮಾನ್ಯತೆ ಕೆಲಸಕ್ಕೆ ಬರಲಿಲ್ಲ, ಮತ್ತೆ ಮಾಡಬೇಕಾಯಿತು.

ಸೆಪ್ಟೆಂಬರ್ 19ರಂದು ಜರ್ಮನಿಯ ತೆರಿಗೆ ಕಚೇರಿಯ ನಿರ್ಣಯಪತ್ರ ಬಂತು. ಪ್ರತಿ ತಿಂಗಳ ಕಡಿತವನ್ನು ವರ್ಷವಿಡೀ ದುಡಿಯುತ್ತೇನೆ ಎಂಬ ಲೆಕ್ಕದಲ್ಲಿ ಮಾಡಿರುತ್ತಾರೆ, ನಾನು ಅಲ್ಲಿ ದುಡಿದದ್ದು ಎಂಟು ತಿಂಗಳಿಗೂ ಕಡಿಮೆ. ಬೆಂಗಳೂರಿನ ಸಂಬಳ ಸೇರಿಸಿ ದರ ಏರಿಸಿದ ಮೇಲೂ 1,140 ಯೂರೋ ವಾಪಸು ಬಂತು. ಭಾರತದ ಹಣ ಅಕ್ಟೋಬರ್ ಮೊದಲ ವಾರದಲ್ಲಿ ಜಮೆಯಾಯಿತು. ನನ್ನ ಖರ್ಚು: ಬಳಸದ ಸಾಫ್ಟ್‌ವೇರಿಗೆ 25 ಯೂರೋ, ಒಂದು ಪೆನ್ ಡ್ರೈವ್, ಅಪ್ಪನ ರೀಚಾರ್ಜ್.

ವಿಂಡೋಸ್ 10ಕ್ಕೆ ಇನ್ನೊಂದು ವರ್ಷ, ಅಂದರೆ 2026ರ ಅಕ್ಟೋಬರ್‌ವರೆಗೆ, ಯುರೋಪಿನ ಆರ್ಥಿಕ ವಲಯದಲ್ಲಿರುವವರಿಗೆ ಭದ್ರತಾ ಪರಿಷ್ಕರಣೆಗಳು ಉಚಿತ ಎಂಬ ಸುದ್ದಿ ಸೆಪ್ಟೆಂಬರ್ ಕೊನೆಯಲ್ಲಿ ಬಂತು. ಜುಲೈನಲ್ಲಿ ಅಷ್ಟು ಅವಸರ ಮಾಡಬೇಕಿರಲಿಲ್ಲ. ಆದರೆ ವಾಪಸು ಹೋಗಲು ಈಗ ಮನಸ್ಸಿಲ್ಲ, ಮಿಂಟ್ ಒಗ್ಗಿದೆ.

ಮೊನ್ನೆ ಹಳೆಯ ಇಮೇಲ್‌ಗಳನ್ನು ಅಳಿಸುತ್ತಿದ್ದಾಗ 2024ರ ಡಿಸೆಂಬರ್‌ನಲ್ಲಿ ನನಗೆ ನಾನೇ ಕಳಿಸಿಕೊಂಡಿದ್ದ ಒಂದು ಪತ್ರ ಸಿಕ್ಕಿತು. ವಿಷಯದ ಜಾಗದಲ್ಲಿ ‘ಮುಖ್ಯ, ಅಳಿಸಬೇಡ’ ಎಂದಿತ್ತು. ಒಳಗೆ ಆ ಪಿಎಫ್‌ಎಕ್ಸ್ ಕಡತ.